ಇಂಟು ಗುರುತಿನ ಪಕ್ಕದ ಮೈನಸ್ ಗುರುತು

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಬಳಕೆ ಈಗ ಯಾವ ವಯಸ್ಸಿನವರು ಬೇಕಾದರೂ ಕಲಿಯಬಹುದಾದಷ್ಟು ಸುಲಭವಾಗಿದೆ ಎಂಬ ಅರ್ಥದ ಬರಹವೊಂದು ಈಚೆಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ತಾಲ್ಲೂಕು ಕಚೇರಿಯ ಎದುರು ಇಪ್ಪತ್ತೆರಡು ವರ್ಷಗಳಿಂದ ಟೈಪಿಂಗ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿರುವ, ಭಾನುವಾರ ಬೆಳಿಗ್ಗೆ ಅದೇ ಅಂಗಡಿಯಲ್ಲಿ ಊರಿನ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುವ ನನಗೆ ಆ ಬರಹದ ಬಹುಪಾಲು ಮಾತುಗಳು ಒಪ್ಪಿಗೆಯಾದವು. ಆದರೆ ಪರದೆಯ ಮೇಲಂಚಿನಲ್ಲಿ ಎರಡು ಬೆರಳಿನ ಅಗಲವೂ ಇಲ್ಲದ ಒಂದು ಜಾಗವಿದೆ. ಅಲ್ಲಿ ತೆರೆದ ಕಿಟಕಿಯನ್ನು ಕೆಳಗಿಳಿಸುವ, ಹಿಗ್ಗಿಸುವ, ಮುಚ್ಚುವ ಮೂರು ಗುಂಡಿಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ. ನಮ್ಮ ಹಿರಿಯರು ಎಡವುವುದು ಹೆಚ್ಚಾಗಿ ಅಲ್ಲಿಯೇ ಆದ್ದರಿಂದ, ಆ ಜಾಗದ ವಿನ್ಯಾಸದ ಬಗ್ಗೆ ಮಾತ್ರ ಈ ಪತ್ರ.

ಕಳೆದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ತವರೂರಿನ ನೆನಪುಗಳನ್ನು ಟೈಪ್ ಮಾಡುತ್ತಿದ್ದರು. ಎರಡೂವರೆ ಗಂಟೆಯಲ್ಲಿ ಆರು ಪುಟಗಳಾಗಿದ್ದವು. ನಡುವೆ ಒಮ್ಮೆಯೂ ಸೇವ್ ಮಾಡಿರಲಿಲ್ಲ. ಹಿಂದೆ ತೆರೆದಿಟ್ಟಿದ್ದ ಹಳೆಯ ಫೋಟೊವೊಂದನ್ನು ನೋಡಲೆಂದು ಬರವಣಿಗೆಯ ಕಿಟಕಿಯನ್ನು ಕೆಳಗಿಳಿಸಲು ಹೋದಾಗ ಕೈ ಸ್ವಲ್ಪ ನಡುಗಿ, ಮೈನಸ್ ಗುರುತಿನ ಬದಲು ಇಂಟು ಮಾರ್ಕಿನ ಮೇಲೆ ಬಿತ್ತು. ಬದಲಾವಣೆಗಳನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೇಳಿತು. ಅವರಿಗೆ ಮುಚ್ಚುವುದೇ ಬೇಡವಾಗಿತ್ತು; ಆದ್ದರಿಂದ ‘ನೋ’ ಎಂಬುದನ್ನು ಒತ್ತಿದರು. ಆರು ಪುಟಗಳೂ ಹೋದವು. “ಅಲ್ಲಪ್ಪಾ, ನಾನು ಬೇಡ ಅಂತಲೇ ಒತ್ತಿದೆನಲ್ಲ, ಮತ್ತೆ ಯಾಕೆ ಮುಚ್ಚಿಕೊಂಡಿತು?” ಎಂದು ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಸಮರ್ಪಕ ಉತ್ತರವಿರಲಿಲ್ಲ. ಆ ತಂತ್ರಾಂಶ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಬೇರೆ ಹಲವು ತಂತ್ರಾಂಶಗಳಲ್ಲಿಯೂ ಇದೇ ಆಗುತ್ತಿತ್ತು.

ಈ ಮೂರು ಗುಂಡಿಗಳಲ್ಲಿ ಎರಡರ ಕೆಲಸವನ್ನು ಮರುಕ್ಷಣವೇ ಹಿಂದಕ್ಕೆ ಪಡೆಯಬಹುದು: ಕೆಳಗಿಳಿಸಿದ ಕಿಟಕಿಯನ್ನು ಮೇಲೆತ್ತಬಹುದು, ದೊಡ್ಡದು ಮಾಡಿದ್ದನ್ನು ಮತ್ತೆ ಚಿಕ್ಕದು ಮಾಡಬಹುದು. ಮೂರನೆಯದರ ಕೆಲಸ ಹಾಗಲ್ಲ. ಹೀಗಿದ್ದೂ ಮೂರಕ್ಕೂ ಒಂದೇ ಅಳತೆ, ಒಂದೇ ದಪ್ಪದ ಗೆರೆ, ಒಂದೇ ಸಾಲು. ನಮ್ಮ ಕಡೆ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅದರಲ್ಲಿ ಹಸಿರು ಗುಂಡಿಗೂ ಕೆಂಪು ಗುಂಡಿಗೂ ನಡುವೆ ಜಾಗ ಬಿಟ್ಟಿರುತ್ತಾರೆ, ಎಷ್ಟೋ ಪೆಟ್ಟಿಗೆಗಳಲ್ಲಿ ಒಂದು ಒಳಗೆ ಕುಳಿತಿದ್ದರೆ ಇನ್ನೊಂದು ಹೊರಗೆ ಚಾಚಿರುತ್ತದೆ, ಹೀಗಾಗಿ ಕತ್ತಲಲ್ಲಿ ತಡವಿದರೂ ಯಾವುದು ಯಾವುದೆಂದು ಕೈಗೆ ತಿಳಿಯುತ್ತದೆ.

ಮೊದಲಿನಿಂದಲೂ ಹೀಗೇ ಇತ್ತೆಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. 1984ರಲ್ಲಿ ಬಂದ, ಆಪಲ್ ಸಂಸ್ಥೆಯ ಮೊದಲ ಮ್ಯಾಕ್ ಕಂಪ್ಯೂಟರಾದ ಮ್ಯಾಕಿಂಟಾಷ್‌ನಲ್ಲಿ ಕಿಟಕಿಯ ಶೀರ್ಷಿಕೆ ಪಟ್ಟಿಯ ಎಡತುದಿಯಲ್ಲಿ ಮುಚ್ಚುವ ಪುಟ್ಟ ಚೌಕವೊಂದು ಮಾತ್ರವಿತ್ತು. ಮುಂದೆ ಗಾತ್ರ ಬದಲಿಸುವ ಚೌಕ ಸೇರಿಕೊಂಡಾಗ ಅದನ್ನು ಇಟ್ಟದ್ದು ಬಲತುದಿಯಲ್ಲಿ. ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುವ ಸಾಧ್ಯತೆಯೇ ಇರಲಿಲ್ಲ, ಏಕೆಂದರೆ ಇಡೀ ಕಿಟಕಿಯ ಅಗಲ ಅವುಗಳ ನಡುವೆ ಇತ್ತು. 1990ರ ಮೈಕ್ರೋಸಾಫ್ಟ್ ವಿಂಡೋಸ್ 3.0ರಲ್ಲಿಯೂ ಇಳಿಸುವ ಮತ್ತು ಹಿಗ್ಗಿಸುವ ಗುಂಡಿಗಳಾದ ಕೆಳಮುಖ ಮತ್ತು ಮೇಲ್ಮುಖ ಬಾಣಗಳು ಬಲಗಡೆ ಇದ್ದರೆ, ಮುಚ್ಚುವ ಕೆಲಸ ಎಡತುದಿಯ ಚಿಕ್ಕ ಪೆಟ್ಟಿಗೆಯದಾಗಿತ್ತು. ಅದನ್ನು ಎರಡು ಬಾರಿ ಒತ್ತಬೇಕಿತ್ತು. ಆ ವ್ಯವಸ್ಥೆ ಹೊಸಬರಿಗೆ ಹೊಳೆಯುತ್ತಿರಲಿಲ್ಲ ಎಂಬುದು ನಿಜ. ಆದರೆ ಕೈತಪ್ಪಿ ಕಿಟಕಿ ಮುಚ್ಚಿಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇಂದಿನ ಸಾಲು ರೂಢಿಗೆ ಬಂದದ್ದು 1995ರ ಆಗಸ್ಟ್ 24ರಂದು ಮಾರುಕಟ್ಟೆಗೆ ಬಂದ ವಿಂಡೋಸ್ 95ರಿಂದ. ಅಡಿಗೆರೆ (ಅದೇ ಮೈನಸ್ ಗುರುತು), ಚೌಕ, ಇಂಟು ಗುರುತು ಎಂಬ ಕ್ರಮದಲ್ಲಿ ಮೂರೂ ಬಲತುದಿಗೆ ಬಂದು ಸೇರಿದವು. ಪ್ರತಿ ಗುಂಡಿಯೂ ಸುಮಾರು 16 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲ, 14 ಪಿಕ್ಸೆಲ್ ಎತ್ತರವಿತ್ತು. ಆಗಿನ ವಿನ್ಯಾಸಕಾರರಿಗೆ ಅಪಾಯದ ಅರಿವು ಇತ್ತೆಂದು ನನಗನ್ನಿಸುತ್ತದೆ, ಏಕೆಂದರೆ ಮೊದಲೆರಡು ಗುಂಡಿಗಳನ್ನು ಅಂಟಿಸಿದ ಅವರು ಇಂಟು ಗುಂಡಿಗೆ ಮುನ್ನ ಎರಡು ಪಿಕ್ಸೆಲ್‌ಗಳ ಸಂದು ಬಿಟ್ಟಿದ್ದರು. ಎರಡು ಪಿಕ್ಸೆಲ್ ಎಂದರೆ ಏನೂ ಅಲ್ಲ. ಆದರೂ ಇದು ಬೇರೆಯದು ಎಂದು ಕಣ್ಣಿಗೆ ಹೇಳುವ ಒಂದು ಸಣ್ಣ ಪ್ರಯತ್ನ ಅದರಲ್ಲಿತ್ತು. ಮುಂದಿನ ವರ್ಷಗಳ ಚಪ್ಪಟೆ ವಿನ್ಯಾಸದಲ್ಲಿ ಗುಂಡಿಗಳು ಅಗಲವಾದವು, ಒತ್ತಲು ಜಾಗ ಹೆಚ್ಚಾಯಿತು, ಅದು ಒಳ್ಳೆಯದೇ. ಆದರೆ ಅಂಚುಗೆರೆಗಳು ಅಳಿಸಿಹೋದವು, ಆ ಸಂದೂ ಹೋಯಿತು, ಉಳಿದದ್ದು ಕೂದಲೆಳೆಯಂಥ ಮೂರು ಗುರುತುಗಳು. ಒಂದು ಗುಂಡಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂಬುದು ಮೌಸ್ ಚಲಿಸಿದಂತೆ ಪರದೆಯಲ್ಲಿ ಓಡಾಡುವ ಬಾಣವನ್ನು ಅದರ ಮೇಲೆ ಒಯ್ದ ಮೇಲಷ್ಟೇ ಗೊತ್ತಾಗುತ್ತದೆ.

ಡಿಟಿಪಿ ಕೆಲಸದವನಾಗಿ ಇಲ್ಲೊಂದು ಮಾತು ಸೇರಿಸುವ ಆಸೆಯನ್ನು ತಡೆಯಲಾರೆ. ವಿಂಡೋಸ್ 95ರಲ್ಲಿ ಈ ಗುರುತುಗಳು ಚಿತ್ರಗಳಾಗಿರಲಿಲ್ಲ, ಮಾರ್ಲೆಟ್ ಎಂಬ ಫಾಂಟಿನ ಅಕ್ಷರಗಳಾಗಿದ್ದವು. ಆ ಫಾಂಟಿನಲ್ಲಿ ಸೊನ್ನೆ ಒತ್ತಿದರೆ ಅಡಿಗೆರೆ, ಒಂದು ಒತ್ತಿದರೆ ಚೌಕ, ಇಂಗ್ಲಿಷಿನ ಸಣ್ಣ ‘ಆರ್’ ಒತ್ತಿದರೆ ಇಂಟು ಗುರುತು ಮೂಡುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಒತ್ತು, ಕೊಂಬು, ಗುಣಿತಗಳ ತುಂಡುಗಳನ್ನು ಕೂರಿಸಿ ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಬರುವವರೆಗೆ ದಿನ ದೂಡಿದ ನಮ್ಮಂಥವರಿಗೆ ಈ ಉಪಾಯ ಅಪರಿಚಿತವೇನಲ್ಲ.

ಗುಂಡಿಯ ಜಾಗ ಮತ್ತು ಗಾತ್ರದ ಬಗ್ಗೆ ಊಹೆಯ ಮೇಲೆ ಮಾತನಾಡಬೇಕಾಗಿಲ್ಲ. ಗುರಿಯೊಂದನ್ನು ತಲುಪಲು ಕೈಗೆ ಬೇಕಾಗುವ ಸಮಯವು ಗುರಿಯ ದೂರ ಹೆಚ್ಚಿದಂತೆ ಹೆಚ್ಚುತ್ತದೆ, ಅಗಲ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಅವರು 1954ರಲ್ಲಿಯೇ ಸೂತ್ರರೂಪದಲ್ಲಿ ತೋರಿಸಿದ್ದರು. ಮೌಸ್‌ನ ವಿಷಯಕ್ಕೆ ಬಂದಾಗ ಇದಕ್ಕೆ ಇನ್ನೊಂದು ವಿಶೇಷ ಸೇರುತ್ತದೆ: ಪರದೆಯ ಅಂಚನ್ನು ದಾಟಿ ಬಾಣ ಹೋಗಲಾರದು, ಆದ್ದರಿಂದ ಮೂಲೆಯಲ್ಲಿರುವ ಗುಂಡಿಯನ್ನು ಗುರಿಯಿಡದೆ ಜೋರಾಗಿ ತಳ್ಳಿದರೂ ಮುಟ್ಟಬಹುದು. ಪೂರ್ತಿ ಹರಡಿದ ಕಿಟಕಿಯಲ್ಲಿ ಬಲ ಮೇಲ್ಮೂಲೆ ಅಂಥ ಜಾಗ. ಅತ್ಯಂತ ಸುಲಭವಾದ ಆ ಜಾಗವನ್ನು ಇಂಟು ಗುರುತಿಗೆ ಕೊಟ್ಟಿರುವುದರಿಂದ, ಪಕ್ಕದ ಎರಡನ್ನು ಹುಡುಕಿ ಹೊರಟ ನಡುಗುವ ಕೈ ಸ್ವಲ್ಪ ಹೆಚ್ಚು ಜಾರಿದರೆ ನಿಲ್ಲುವುದು ಮುಚ್ಚುವ ಗುಂಡಿಯ ಮೇಲೆಯೇ. ದಿನಕ್ಕೆ ನೂರು ಕಿಟಕಿ ಮುಚ್ಚುವ ನನ್ನಂಥವನಿಗೆ ಇದು ಅನುಕೂಲವೆಂಬುದನ್ನು ಒಪ್ಪುತ್ತೇನೆ. ಮುಚ್ಚುವ ಗುಂಡಿಯನ್ನು ಮೂಲೆಯಿಂದ ತೆಗೆಯಿರಿ ಎನ್ನುವುದು ನನ್ನ ವಾದವಲ್ಲ. ಉಳಿದೆರಡನ್ನು ಅದರ ಮಗ್ಗುಲಿನಿಂದ ದೂರವಿಡಿ ಎಂಬುದಷ್ಟೇ ನನ್ನ ವಾದ.

ಬಣ್ಣ ಬಳಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆಪಲ್ ಸಂಸ್ಥೆ 2000ದ ಜನವರಿಯಲ್ಲಿ ಮ್ಯಾಕ್ ಓಎಸ್ ಟೆನ್‌ನ ಹೊಸ ರೂಪವನ್ನು ತೋರಿಸಿದಾಗ, ಅಲ್ಲಿಯವರೆಗೆ ದೂರ ದೂರವಿದ್ದ ಗುಂಡಿಗಳನ್ನು ಎಡತುದಿಗೆ ತಂದು, ರಸ್ತೆಯ ಸಿಗ್ನಲ್ ದೀಪಗಳಂತೆ ಕೆಂಪು, ಹಳದಿ, ಹಸಿರು ಬಿಲ್ಲೆಗಳನ್ನಾಗಿ ಮಾಡಿತು. ನೋಡಲು ಬಹಳ ಚೆಂದ. ಆದರೆ ಬಿಲ್ಲೆಯೊಳಗಿನ ಗುರುತುಗಳು ಬಾಣ ಹತ್ತಿರ ಬಂದಾಗ ಮಾತ್ರ ಕಾಣಿಸುತ್ತವೆ. ಅಲ್ಲಿಯವರೆಗೆ ಬಣ್ಣ ಮತ್ತು ಕ್ರಮ ಬಿಟ್ಟರೆ ಬೇರೆ ಸುಳಿವಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡು ಮಂದಿಗೆ ಒಬ್ಬರಂತೆ ಕೆಂಪು–ಹಸಿರು ಬಣ್ಣಗಳ ವ್ಯತ್ಯಾಸ ಗುರುತಿಸುವ ತೊಂದರೆಯಿದೆ. ನಮ್ಮಲ್ಲಿ ಅದರ ಪ್ರಮಾಣ ಕಡಿಮೆಯಾದರೂ ಇಲ್ಲವೆಂದಿಲ್ಲ. ಆ ದೀಪಗಳ ಅರ್ಥವೂ ಸ್ಥಿರವಾಗಿ ಉಳಿಯಲಿಲ್ಲ. ವಿಷಯಕ್ಕೆ ತಕ್ಕಷ್ಟು ಕಿಟಕಿಯನ್ನು ಹಿಗ್ಗಿಸುತ್ತಿದ್ದ ಹಸಿರು ಗುಂಡಿ 2014ರ ಯೊಸೆಮಿಟಿ ಆವೃತ್ತಿಯಿಂದ ಇಡೀ ಪರದೆಯನ್ನು ಆವರಿಸಿಕೊಳ್ಳಲು ಆರಂಭಿಸಿತು. ಇತ್ತ ವಿಂಡೋಸ್ 10ರಲ್ಲಿ ಇಂಟು ಗುರುತು ಸದಾ ಕಾಣುತ್ತದೆ, ಆದರೆ ಅದರ ಕೆಂಪು ಬಣ್ಣ ಮೂಡುವುದು ಬಾಣ ಮೇಲೆ ಬಂದ ನಂತರವೇ. ಅಂದರೆ ಒಬ್ಬರು ಗುರುತನ್ನು ಅಡಗಿಸಿದ್ದಾರೆ, ಇನ್ನೊಬ್ಬರು ಬಣ್ಣವನ್ನು ಅಡಗಿಸಿದ್ದಾರೆ, ಇಬ್ಬರೂ ಎಚ್ಚರಿಕೆಯನ್ನು ತೋರಿಸುವುದು ಕೈ ಅಲ್ಲಿಗೆ ತಲುಪಿದ ಮೇಲೆ.

ಇಂಟು ಗುರುತಿನ ಅರ್ಥವೂ ನಾವು ಅಂದುಕೊಂಡಷ್ಟು ನೇರವಾಗಿಲ್ಲ. ನಮ್ಮ ಶಾಲೆಗಳಲ್ಲಿ ಕಲಿತವರಿಗೆ ಅದು ಮೊದಲು ಗುಣಾಕಾರದ ಚಿಹ್ನೆ, ಆಮೇಲೆ ಮೇಷ್ಟರು ಕೆಂಪು ಶಾಯಿಯಲ್ಲಿ ಹಾಕುವ ತಪ್ಪು ಗುರುತು. ಕಂಪ್ಯೂಟರಿನಲ್ಲಿ ಅದು ಕೆಲವೆಡೆ ಕಾರ್ಯಕ್ರಮವನ್ನೇ ನಿಲ್ಲಿಸುತ್ತದೆ. ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಿಟಕಿ ಮಾತ್ರ ಮುಚ್ಚಿ ಕಾರ್ಯಕ್ರಮ ಹಿಂದೆ ನಡೆಯುತ್ತಲೇ ಇರುತ್ತದೆ. ವಿಂಡೋಸ್‌ನ ಕೆಲವು ತಂತ್ರಾಂಶಗಳು ಮುಚ್ಚಿದಂತೆ ಮಾಡಿ ಗಡಿಯಾರದ ಪಕ್ಕದಲ್ಲಿ ಅವಿತುಕೊಳ್ಳುತ್ತವೆ. ಬ್ರೌಸರ್‌ಗಳಲ್ಲಂತೂ ಪ್ರತಿ ಟ್ಯಾಬಿಗೂ ಒಂದು ಇಂಟು, ಎಲ್ಲವನ್ನೂ ಸೇರಿಸಿ ಮುಚ್ಚುವ ಇನ್ನೊಂದು ಇಂಟು, ಎಲ್ಲವೂ ಒಂದೇ ಸಾಲಿನಲ್ಲಿ. 2016ರಲ್ಲಿ ವಿಂಡೋಸ್ 10ಕ್ಕೆ ಬದಲಾಗುವಂತೆ ಹಳೆಯ ಕಂಪ್ಯೂಟರುಗಳಲ್ಲಿ ಬರುತ್ತಿದ್ದ ಸೂಚನೆಯ ಪೆಟ್ಟಿಗೆಯಲ್ಲಿ ಇಂಟು ಒತ್ತಿದರೂ ನಿಗದಿಯಾಗಿದ್ದ ಬದಲಾವಣೆ ರದ್ದಾಗುತ್ತಿರಲಿಲ್ಲ. ಬೇಡವೆಂದು ಒತ್ತಿದವರ ಯಂತ್ರಗಳೂ ಹೊಸ ಆವೃತ್ತಿಗೆ ಬದಲಾದವು. ಜಗತ್ತಿನ ಹಲವೆಡೆ ಟೀಕೆ ಬಂದ ಮೇಲೆ ಮೈಕ್ರೋಸಾಫ್ಟ್ ಆ ಪೆಟ್ಟಿಗೆಯನ್ನು ತಿದ್ದಿತು. ನಮ್ಮ ಶಿಕ್ಷಕಿಯ ಪ್ರಶ್ನೆ ಆ ವರ್ಷ ಲೋಕದ ಪ್ರಶ್ನೆಯೇ ಆಗಿತ್ತು.

ಸರಳ ಮಾಡುವುದೆಂದರೆ ತೆಗೆದುಹಾಕುವುದು ಎಂದು ಭಾವಿಸಿದವರೂ ಇದ್ದಾರೆ. 2012ರ ವಿಂಡೋಸ್ 8ರ ಹೊಸ ಬಗೆಯ ಆ್ಯಪ್‌ಗಳಲ್ಲಿ ಮುಚ್ಚುವ ಗುಂಡಿಯೇ ಕಾಣುತ್ತಿರಲಿಲ್ಲ. ಮೇಲಂಚನ್ನು ಹಿಡಿದು ಪರದೆಯ ಕೆಳಗಿನವರೆಗೆ ಎಳೆಯಬೇಕಿತ್ತು. ಅದನ್ನು ತಾವಾಗಿಯೇ ಕಂಡುಕೊಂಡವರನ್ನು ನನ್ನ ಅಂಗಡಿಯಲ್ಲಿ ನಾನು ನೋಡಲಿಲ್ಲ. 2014ರ ಏಪ್ರಿಲ್‌ನ ಪರಿಷ್ಕರಣೆಯಲ್ಲಿ ಗುಂಡಿಗಳು ಮರಳಿ ಬಂದವು. ವಿಂಡೋಸ್ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ಗೆ ಪರದೆಯ ರೂಪ ಕೊಡುವ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ 2011ರಲ್ಲಿ ಬಂದಾಗ ಮುಚ್ಚುವ ಗುಂಡಿಯೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕೆರಡನ್ನು ತೆಗೆಯಿತು. ಕೆಳಗಿಳಿಸಿದ ಕಿಟಕಿ ಹೋಗಿ ಕೂರಲು ಪರದೆಯ ಅಂಚಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್, ಇಲ್ಲದ ಮೇಲೆ ಇಳಿಸುವ ಗುಂಡಿ ಏಕೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿಯೇ ಇರಬಹುದು. ಆದರೆ ಹಿಂತೆಗೆಯಬಹುದಾದ ಎರಡನ್ನೂ ಕಿತ್ತು, ಹಿಂತೆಗೆಯಲಾಗದ ಒಂದನ್ನೇ ಮುಂದಿಟ್ಟರೆ, ಹೊಸಬನಾದವನು ಕಿಟಕಿಯನ್ನು ಪಕ್ಕಕ್ಕೆ ಸರಿಸಬೇಕೆನಿಸಿದಾಗಲೆಲ್ಲ ಅದನ್ನೇ ಒತ್ತುತ್ತಾನೆ.

ಇನ್ನು ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ ಪ್ರಸಂಗ. 2010ರ ಏಪ್ರಿಲ್‌ನ 10.04 ಆವೃತ್ತಿಯಲ್ಲಿ ಗುಂಡಿಗಳನ್ನು ಬಲದಿಂದ ಎಡಕ್ಕೆ ಸಾಗಿಸಿದಾಗ ಬಳಕೆದಾರರು ಜೋರಾಗಿಯೇ ಪ್ರತಿಭಟಿಸಿದರು. ವಿನ್ಯಾಸದ ತೀರ್ಮಾನಗಳನ್ನು ಮತಕ್ಕೆ ಹಾಕುವುದಿಲ್ಲ, ಇದು ಪ್ರಜಾಪ್ರಭುತ್ವವಲ್ಲ ಎಂಬರ್ಥದ ಉತ್ತರವನ್ನು ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಕೊಟ್ಟರು. ಏಳು ವರ್ಷಗಳ ಬಳಿಕ, 17.10ರಲ್ಲಿ, ಗುಂಡಿಗಳು ಮತ್ತೆ ಬಲಕ್ಕೆ ಬಂದವು. ಈ ಗದ್ದಲದಲ್ಲಿ ಎರಡೂ ಕಡೆಯವರು ಎಡವೋ ಬಲವೋ ಎಂದು ವಾದಿಸಿದ್ದೇ ಹೆಚ್ಚು. ಎಡಕ್ಕೆ ಹೋದಾಗಲೂ ಮೂರೂ ಒಟ್ಟಾಗಿಯೇ ಹೋದವು, ಮರಳಿದಾಗಲೂ ಒಟ್ಟಾಗಿಯೇ ಮರಳಿದವು. ಬೇರ್ಪಡಿಸುವ ಅವಕಾಶ ಎರಡು ಬಾರಿ ಕೈಗೆ ಬಂದು ತಪ್ಪಿತು.

ಹಾಗಾದರೆ ಸರಳವಾದ ಗುಂಡಿ ಹೇಗಿರಬೇಕು? ವಿನ್ಯಾಸ ನನ್ನ ವೃತ್ತಿಯಲ್ಲ. ಆದರೆ ದಿನವಿಡೀ ಇವನ್ನು ಒತ್ತುವವನು, ಒತ್ತಲು ಕಲಿಸುವವನು ನಾನು. ಮುಚ್ಚುವ ಗುಂಡಿ ಒಂದು ತುದಿಯಲ್ಲಿರಲಿ, ಉಳಿದೆರಡು ಇನ್ನೊಂದು ತುದಿಯಲ್ಲಿರಲಿ. ಅಷ್ಟು ದೂರ ಆಗದಿದ್ದರೆ ನಡುವೆ ಕನಿಷ್ಠ ಒಂದು ಗುಂಡಿಯ ಅಗಲದಷ್ಟಾದರೂ ಖಾಲಿ ಜಾಗವಿರಲಿ. ಗುರುತು ಸದಾ ಕಾಣಬೇಕು, ಮತ್ತು ಬಣ್ಣವನ್ನು ತೆಗೆದರೂ ಆಕಾರದಿಂದಲೇ ತಿಳಿಯಬೇಕು. ಜಾಲತಾಣಗಳ ಸುಗಮ ಬಳಕೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ 2023ರ ಆವೃತ್ತಿಯು ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ ಮತ್ತು ಎತ್ತರವಿರಬೇಕು, ಇಲ್ಲವೇ ಸುತ್ತ ಸಾಕಷ್ಟು ಅಂತರವಿರಬೇಕು ಎನ್ನುತ್ತದೆ. ಗುರುತಿಗೂ ಹಿನ್ನೆಲೆಗೂ ಕನಿಷ್ಠ ಮೂರಕ್ಕೆ ಒಂದರ ಪ್ರಮಾಣದಲ್ಲಿ ಹೊಳಪಿನ ವ್ಯತ್ಯಾಸವಿರಬೇಕೆಂಬ ನಿಯಮವೂ ಅದರಲ್ಲಿದೆ. ಜಾಲತಾಣಕ್ಕೆ ಒಪ್ಪುವ ಈ ನಿಯಮಗಳು ಅದೇ ಪರದೆಯ ಮೇಲಂಚಿಗೆ ಒಪ್ಪದಿರಲು ಕಾರಣ ಕಾಣುವುದಿಲ್ಲ. ಬೂದು ಪಟ್ಟಿಯ ಮೇಲೆ ತೆಳು ಬೂದು ಗೆರೆ ಎಳೆದು ಅದನ್ನು ಸರಳತೆ ಎಂದು ಕರೆಯುವ ಈಗಿನ ರೂಢಿ, ಕಣ್ಣಿನ ಪೊರೆ ಬಂದವರ ಮಟ್ಟಿಗೆ ಗುಂಡಿಯನ್ನೇ ತೆಗೆದುಹಾಕಿದಂತೆ.

ಇಷ್ಟೆಲ್ಲ ಮಾಡಿದರೂ ಕೈ ತಪ್ಪುವುದು ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಮುಚ್ಚುವ ಗುಂಡಿಯನ್ನೇ ನಿರಪಾಯಕಾರಿಯಾಗಿಸುವ ಕೆಲಸವೂ ಜೊತೆಗೆ ಆಗಬೇಕು. ಮ್ಯಾಕ್‌ನಲ್ಲಿ 2011ರಿಂದ ಕೆಲವು ತಂತ್ರಾಂಶಗಳು ಬರೆದದ್ದನ್ನು ತಾವಾಗಿಯೇ ಉಳಿಸಿಕೊಳ್ಳುತ್ತಿವೆ. ವಿಂಡೋಸ್ 11ರ ನೋಟ್‌ಪ್ಯಾಡ್ ಕೂಡ ಈಗ ಮುಚ್ಚಿ ತೆರೆದರೆ ಬಿಟ್ಟಲ್ಲಿಂದ ತೋರಿಸುತ್ತದೆ. ಹೀಗಾದಾಗ ಇಂಟು ಒತ್ತುವುದೆಂದರೆ ಪುಸ್ತಕ ಮಡಚಿಡುವುದು ಎಂದಾಗುತ್ತದೆ, ಹರಿದು ಬಿಸಾಡುವುದು ಎಂದಾಗುವುದಿಲ್ಲ. ಪ್ರಶ್ನೆ ಕೇಳಲೇಬೇಕಾದರೆ ‘ಹೌದು’, ‘ಇಲ್ಲ’ ಎಂಬ ಉತ್ತರಗಳನ್ನು ಬಿಟ್ಟು ‘ಉಳಿಸು’, ‘ಅಳಿಸು’, ‘ಮುಚ್ಚಬೇಡ’ ಎಂದು ಗುಂಡಿಯ ಮೇಲೆಯೇ ಕೆಲಸದ ಹೆಸರು ಬರೆಯಬಹುದು. ಯಾವ ಪ್ರಶ್ನೆಗೆ ಬೇಡ ಎನ್ನುತ್ತಿದ್ದೇವೆಂಬ ಗೊಂದಲ ಆಗ ಇರುವುದಿಲ್ಲ.

ಹೆಸರಿನ ಮಾತು ಬಂದದ್ದರಿಂದ ಕನ್ನಡದ ಬಗ್ಗೆಯೂ ಹೇಳಬೇಕು. ಬಾಣವನ್ನು ಗುಂಡಿಯ ಮೇಲೆ ನಿಲ್ಲಿಸಿದಾಗ ಮೂಡುವ ಪದಗಳನ್ನು ಕನ್ನಡಕ್ಕೆ ತಂದಾಗ ‘ಕನಿಷ್ಠಗೊಳಿಸು’, ‘ಗರಿಷ್ಠಗೊಳಿಸು’ ಎಂಬಂಥ ರೂಪಗಳು ಬಳಕೆಗೆ ಬಂದಿವೆ. ಇಂಗ್ಲಿಷ್ ಪದದ ನೆರಳಿನಂತಿರುವ ಇವು, ಇಂಗ್ಲಿಷ್ ಬಲ್ಲವರಿಗೆ ಬೇಕಾಗಿಲ್ಲ, ಬಾರದವರಿಗೆ ಅರ್ಥವಾಗುವುದಿಲ್ಲ. ಭಾನುವಾರದ ತರಗತಿಯಲ್ಲಿ ನಾನು ‘ಕೆಳಗಿಡು’, ‘ಹಿಗ್ಗಿಸು’, ‘ಮುಚ್ಚು’ ಎನ್ನುತ್ತೇನೆ. ಯಾರೂ ಎರಡನೆಯ ಬಾರಿ ಕೇಳಿಲ್ಲ. ಬೆಂಗಳೂರಿನಲ್ಲಿ ಜಗತ್ತಿಗೆಲ್ಲ ತಂತ್ರಾಂಶ ರೂಪಿಸುವ ಕೈಗಳಿವೆ, ಅವರಲ್ಲಿ ಕನ್ನಡ ಬಲ್ಲವರೂ ಬಹಳ ಮಂದಿ. ಇಂಥ ಮೂರು ಪದಗಳನ್ನು ಸರಿಪಡಿಸಲು ಒಂದು ಮಧ್ಯಾಹ್ನ ಸಾಕು.

ಇದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಅಭ್ಯಾಸದ್ದು. ಮೂವತ್ತು ವರ್ಷಗಳಿಂದ ಜನರ ಕೈ ಬಲಮೂಲೆಗೆ ಪಳಗಿದೆ, ಈಗ ಬದಲಿಸಿದರೆ ಎಲ್ಲರೂ ಪರದಾಡುತ್ತಾರೆ ಎನ್ನುವುದರಲ್ಲಿ ಹುರುಳಿದೆ. ಉಬುಂಟುವಿನ ಕಥೆಯೇ ಅದಕ್ಕೆ ಸಾಕ್ಷಿ. ಆದ್ದರಿಂದ ಎಲ್ಲರ ಮೇಲೂ ಹೇರಿ ಎಂದು ನಾನು ಕೇಳುತ್ತಿಲ್ಲ. ಒಂದು ಆಯ್ಕೆಯಾಗಿ ಕೊಡಬಹುದು, ಮತ್ತು ಹೊಸದಾಗಿ ಕಲಿಯುವವರ ಯಂತ್ರಗಳಲ್ಲಿ ಮೊದಲ ದಿನವೇ ಅದನ್ನು ಹೊಂದಿಸಿ ಕೊಡಬಹುದು. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಇದು ಈಗಲೇ ಸಾಧ್ಯವಿದೆ: ಬಟನ್-ಲೇಔಟ್ ಎಂಬ ಒಂದೇ ಸಾಲಿನ ಸೆಟ್ಟಿಂಗ್‌ನಲ್ಲಿ ಕೋಲನ್ ಚಿಹ್ನೆಯ ಎಡಕ್ಕೆ ಬರೆದ ಗುಂಡಿಗಳು ಕಿಟಕಿಯ ಎಡತುದಿಗೂ, ಬಲಕ್ಕೆ ಬರೆದವು ಬಲತುದಿಗೂ ಹೋಗಿ ಕೂರುತ್ತವೆ. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಗುಂಡಿಗಳನ್ನು ಮೌಸ್‌ನಿಂದ ಎಳೆದು ಬೇಕಾದ ಜಾಗದಲ್ಲಿಡಬಹುದು, ನಡುವೆ ಖಾಲಿ ಜಾಗವನ್ನೂ ಸೇರಿಸಬಹುದು. ವಿಂಡೋಸ್ ಮತ್ತು ಮ್ಯಾಕ್‌ಗಳು ಇಂಥ ಆಯ್ಕೆಯನ್ನು ತಮ್ಮ ಸೆಟ್ಟಿಂಗ್‌ಗಳಲ್ಲಿ ಕೊಟ್ಟಿಲ್ಲ.

ನನ್ನ ಅಂಗಡಿಯ ಲಿನಕ್ಸ್ ಯಂತ್ರಗಳೆರಡರಲ್ಲಿ ಈ ವರ್ಷದ ಆರಂಭದಿಂದ ಮುಚ್ಚುವ ಗುಂಡಿಯನ್ನು ಎಡತುದಿಗೂ ಉಳಿದೆರಡನ್ನು ಬಲತುದಿಗೂ ಇಟ್ಟಿದ್ದೇನೆ. ಕಾಲೇಜಿನ ಹುಡುಗರು ಬಂದಾಗ ಅಭ್ಯಾಸಬಲದಿಂದ ಬಲಮೂಲೆಗೆ ಹೋಗಿ ಕಿಟಕಿಯನ್ನು ಹಿಗ್ಗಿಸಿ, ಒಂದು ಕ್ಷಣ ಪೆಚ್ಚಾಗಿ, ಮತ್ತೆ ಎಡಕ್ಕೆ ಬರುತ್ತಾರೆ. ಅವರಿಗೆ ನಷ್ಟವಾಗುವುದು ಆ ಒಂದು ಕ್ಷಣ. ಎಲ್ಲ ತಂತ್ರಾಂಶಗಳೂ ಈ ಏರ್ಪಾಟನ್ನು ಪಾಲಿಸುವುದಿಲ್ಲವೆಂಬ ಕೊರತೆಯೂ ಇದೆ, ಏಕೆಂದರೆ ಕೆಲವು ತಮ್ಮ ಗುಂಡಿಗಳನ್ನು ತಾವೇ ಬರೆದುಕೊಳ್ಳುತ್ತವೆ. ಹಿರಿಯರು ಮಾತ್ರ ಆ ಎರಡು ಯಂತ್ರಗಳಿಗಾಗಿಯೇ ಕಾಯುತ್ತಾರೆ. ಶಾಲೆಗಳ ಮತ್ತು ಗ್ರಂಥಾಲಯಗಳ ಕಂಪ್ಯೂಟರುಗಳನ್ನು ಸಿದ್ಧಪಡಿಸಿ ಕೊಡುವವರು ತಮ್ಮ ಯಂತ್ರಗಳಲ್ಲಿ ಆ ಒಂದು ಸಾಲನ್ನು ಬದಲಿಸಿ ನೋಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಬದಲಿಸುವ ಮುನ್ನ ಕಣ್ಣಾರೆ ನೋಡಬೇಕೆನ್ನುವವರು ಯಾವ ಭಾನುವಾರವಾದರೂ ಬೆಳಿಗ್ಗೆ ಹತ್ತರ ಮೇಲೆ ಅಂಗಡಿಗೆ ಬರಬಹುದು.

ಇತಿ ತಮ್ಮ ವಿಶ್ವಾಸಿ,
ಡಿಟಿಪಿ ಅಂಗಡಿಯ ಓದುಗ, ಅರಸೀಕೆರೆ